ಭುಜ ಕೂತಿತ್ತಾ?

ಆಟೋದ ತಲೆ ಮೇಲೆ ಎರಡು ಹಾರನ್ ಕಟ್ಟಿಕೊಂಡು "ತುಮಕೂರಿನ ಮಹಾಜನತೆಗೆ ಸಂತೋಷದ ಸಮಾಚಾರ" ಎಂದು ಕೂಗುತ್ತಾ ಬಂದವನು ನಮ್ಮ ಗಲ್ಲಿಯ ಬಾಯಲ್ಲೇ ನಿಂತುಬಿಟ್ಟ. ಆಟೋ ಕೆಟ್ಟಿತ್ತು, ಮೈಕು ಕೆಟ್ಟಿರಲಿಲ್ಲ. ಡ್ರೈವರು ಇಳಿದು ಒದ್ದಾಡುತ್ತಿದ್ದರೆ ಒಳಗೆ ಕೂತವನು ಅದೇ ಸಮಾಚಾರವನ್ನು ಮತ್ತೆ ಮತ್ತೆ ಓದಿದ. ಇಡೀ ತುಮಕೂರಿನಲ್ಲಿ ಅದನ್ನು ಬಾಯಿಪಾಠ ಆಗುವಷ್ಟು ಕೇಳಿಸಿಕೊಂಡವಳು ನಾನೊಬ್ಬಳೇ ಇರಬೇಕು. ಎಂ.ಜಿ. ರೋಡಿನಲ್ಲಿ ಹೊಸದಾಗಿ ಶುರುವಾಗಿದ್ದ ಬಟ್ಟೆ ಶೋರೂಮಿನವರು ದೊಡ್ಡ ಚೌಲ್ಟ್ರಿಯಲ್ಲಿ ಫ್ಯಾಶನ್ ವೀಕ್ ನಡೆಸುತ್ತಾರಂತೆ. ಬೆಂಗಳೂರಿನ ಮಾಡೆಲ್ ಹುಡುಗಿಯರು ಪ್ರತಿ ಸಂಜೆ ಹೊಸ ಹೊಸ ಉಡುಪು ತೊಟ್ಟು ಸ್ಟೇಜಿನ ಮೇಲೆ ನಡೆಯುತ್ತಾರಂತೆ. ಕೊನೆಯ ದಿನ ನಮ್ಮೂರ ಟೈಲರುಗಳು ಹೊಲಿದ ಬಟ್ಟೆಗಳ ಪ್ರದರ್ಶನವಂತೆ.

ನಾನು ಮಿಷಿನ್ ಮುಂದೆ ಕೂತು ಯಾರದೋ ರವಿಕೆಗೆ ಹುಕ್ಕು ಹಾಕುತ್ತಿದ್ದೆ. ನಮ್ಮೂರ ಟೈಲರು ಅಂದರೆ ನಾನೂ ಅಲ್ಲವಾ ಅಂದುಕೊಂಡೆ. ಅಂದುಕೊಂಡಿದ್ದನ್ನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅಕ್ಕಿ ಆರಿಸುತ್ತಿದ್ದ ನನ್ನತ್ತೆ ತಲೆ ಎತ್ತದೆ, "ನೀನು ಮನೇಲಿ ಬ್ಲೌಸ್ ಹೊಲಿಯೋಳು. ಟೈಲರ್ ಅಂದ್ರೆ ಕುತ್ತಿಗೆಗೆ ಟೇಪ್ ಹಾಕ್ಕೊಂಡು ಅಂಗಡೀಲಿ ನಿಂತಿರೋನು" ಅಂದರು. ನಮ್ಮ ಮನೆಮಾತು ಉರ್ದು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಆದರೆ ಮಾತಿನ ಖಾರ ಅಷ್ಟೇ ಇತ್ತು. ನನಗೆ ರೇಗಿಹೋಯಿತು. ಹುಕ್ಕು ತಪ್ಪು ಕಡೆ ಹಾಕಿ, ಬಿಚ್ಚಿ, ಮತ್ತೆ ಹಾಕಿದೆ.

ನಾನು ಹುಟ್ಟಿದ್ದು ಟೈಲರ್ ಮನೆಯಲ್ಲೇ. ಗುಬ್ಬಿಯಲ್ಲಿ ಒಂದು ಜವಳಿ ಅಂಗಡಿಯ ಜಗಲಿ ಮೇಲೆ ಅಬ್ಬಾ ಮಿಷಿನ್ ಇಟ್ಟುಕೊಂಡಿದ್ದರು. ಊರಿನ ಅರ್ಧ ಹೆಂಗಸರ ಬಟ್ಟೆ ಅವರ ಕತ್ತರಿಯಿಂದಲೇ ಬರುತ್ತಿತ್ತು. ಆದರೆ ಆ ಹೆಂಗಸರು ಯಾರೂ ಜಗಲಿಗೆ ಬರುತ್ತಿರಲಿಲ್ಲ. ನಮ್ಮವರಲ್ಲಿ ಪರದೆ. ಬೇರೆಯವರಲ್ಲೂ ದೊಡ್ಡ ಮನೆಯ ಹೆಂಗಸರು ಗಂಡಸಿನ ಮುಂದೆ ಕೈ ಎತ್ತಿ ಅಳತೆ ಕೊಡುವುದುಂಟೇ? ಬರುತ್ತಿದ್ದದ್ದು ಅಳತೆ ರವಿಕೆ. ಸರಿಯಾಗಿ ಕೂರುವ ಹಳೇ ರವಿಕೆಯೊಂದನ್ನು ಕಾಗದದಲ್ಲಿ ಸುತ್ತಿ, ಹೊಸ ಬಟ್ಟೆಯ ಜೊತೆ ನನ್ನ ಕೈಲಿ ಕೊಡುವರು. "ನಿಮ್ಮಪ್ಪಂಗೆ ಹೇಳು, ತೋಳು ಒಂಚೂರು ಬಿಗಿ ಆಯ್ತದೆ, ಈ ಸಲ ಸಡಿಲ ಬುಡ್ಲಿ" ಅನ್ನುವರು. ನಾನು ಓಡಿಬಂದು ಅಬ್ಬಾಗೆ ಒಪ್ಪಿಸುವೆ. ಎಪ್ಪತ್ತರ ದಶಕದ ಶುರುವಿನಲ್ಲಿ, ಲಂಗ ಹಾಕಿಕೊಂಡು ಗುಬ್ಬಿಯ ಎಲ್ಲ ಮನೆಗಳ ಅಡುಗೆಮನೆಯವರೆಗೂ ಹೋಗಿಬರುತ್ತಿದ್ದವಳು ನಾನು.

ಇದರಲ್ಲಿ ಒಂದು ವಿಚಿತ್ರ ಇತ್ತು. ಚಿಕ್ಕವಳಿದ್ದಾಗ ನನಗೆ ಹೊಳೆದಿರಲಿಲ್ಲ. ಅಬ್ಬಾ ತಾವು ಗಿರಾಕಿಗಳಿಗೆ ಹೊಲಿದ ಬಟ್ಟೆಯನ್ನು ಅವರ ಮೈಮೇಲೆ ನೋಡಿದ್ದೇ ಇಲ್ಲ. ಮಡಿಕೆ ಹಾಕಿ ಕಳಿಸಿದರೆ ಮುಗಿಯಿತು, ಅದು ಬಾಗಿಲಾಚೆ ಹೋಗಿ ಮಾಯ. ಬೀದಿಯಲ್ಲಿ ಕಂಡರೂ ಮೇಲೆ ಬುರ್ಖಾ, ಇಲ್ಲವೇ ಸೆರಗು ಹೊದ್ದಿರುತ್ತಿತ್ತು. ಮದುವೆಯ ವಾರ ಬಂದರೆ ಮಾತ್ರ ಅವರಿಗೆ ತಡೆಯಲಾಗುತ್ತಿರಲಿಲ್ಲ. ನಮ್ಮಲ್ಲಿ ಮದುವೆ ಅಂದರೆ ಅರಿಶಿನಕ್ಕೊಂದು ಜೊತೆ, ಮೆಹಂದಿಗೊಂದು, ನಿಕಾಹ್‌ಗೊಂದು, ಆಮೇಲಿನ ಊಟಕ್ಕೊಂದು. ಹೆಂಗಸರ ಕೋಣೆಯಲ್ಲಿ ಬುರ್ಖಾಗಳು ಗೂಟಕ್ಕೆ ಏರುತ್ತಿದ್ದವು, ಕೆಳಗಿನ ಬಣ್ಣಗಳು ಹೊರಗೆ ಬರುತ್ತಿದ್ದವು. ಒಬ್ಬರ ಜರಿ ಇನ್ನೊಬ್ಬರು ಹಿಡಿದು ನೋಡುವುದೇನು, ತಿರುಗಿಸಿ ನಿಲ್ಲಿಸುವುದೇನು, ಹೊಟ್ಟೆ ಉರಿದುಕೊಳ್ಳುವುದೇನು! ನಾನು ಮನೆಗೆ ಬಂದ ಕೂಡಲೇ ಅಬ್ಬಾ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಭುಜ ಕೂತಿತ್ತಾ?"

ಭುಜ ಕೂತರೆ ಉಳಿದದ್ದೆಲ್ಲ ತಾನಾಗಿ ಕೂರುತ್ತದೆ ಅನ್ನುವುದು ಅವರ ನಂಬಿಕೆ. ನಾನು ಎದ್ದು ನಿಂತು, ಆ ಹೆಂಗಸು ಹೇಗೆ ನಡೆದಳು, ಬಗ್ಗಿದಾಗ ಹೊಲಿಗೆ ಎಳೆಯಿತಾ, ತೋಳು ಎತ್ತಿದಾಗ ಸೊಂಟದ ಮೇಲೆ ಬಂತಾ ಎಂದು ಆಡಿ ತೋರಿಸುತ್ತಿದ್ದೆ. ಅವರು ಬೀಡಿ ಹಚ್ಚುವುದನ್ನೂ ಮರೆತು ನೋಡುತ್ತಿದ್ದರು.

ನನ್ನ ಮದುವೆಯ ಬಟ್ಟೆಯನ್ನಾದರೂ ಅವರು ತಾವೇ ಹೊಲಿದು ಮೈಮೇಲೆ ನೋಡಬಹುದಿತ್ತು. ಅದೂ ಆಗಲಿಲ್ಲ. ನಮ್ಮಲ್ಲಿ ಮದುಮಗಳ ಜೋಡಾ ಗಂಡಿನ ಮನೆಯಿಂದ ಬರಬೇಕು, ಅಲ್ಲಿಯ ಟೈಲರೇ ಹೊಲಿದಿರಬೇಕು. ಹೆಣ್ಣಿನ ಕಡೆಯವರು ತಾವೇ ಹೊಲಿಸಿದರೆ ಅವರಿಗೆ ಅವಮಾನ. ಟೈಲರನ ಮಗಳು ಬೇರೆ ಯಾರೋ ಟೈಲರು ಹೊಲಿದ ಕೆಂಪು ಜೋಡಾ ತೊಟ್ಟು ಕೂತಳು. ಅದರ ಬಲಗಡೆ ಭುಜ ಜಾರುತ್ತಿತ್ತು. ಕಳಿಸಿಕೊಡುವ ಹೊತ್ತಿನಲ್ಲಿ ಅಬ್ಬಾ ನನ್ನ ತಲೆ ಮೇಲೆ ಕೈ ಇಟ್ಟರು, ಕಣ್ಣು ಮಾತ್ರ ಆ ಭುಜದ ಮೇಲಿತ್ತು. ಏನೂ ಹೇಳುವಂತಿರಲಿಲ್ಲ. ಬೀಗರ ಮುಂದೆ ಹೇಗೆ ಹೇಳುತ್ತಾರೆ? ನಾನು ಆ ಭುಜವನ್ನು ಒಂದು ಕೈಲಿ ಹಿಡಿದುಕೊಂಡೇ ತುಮಕೂರಿನ ಬಸ್ಸು ಹತ್ತಿದೆ.

ಈಗ ಫ್ಯಾಶನ್ ವೀಕಿಗೆ ವಾಪಸ್ ಬರುತ್ತೇನೆ. ಅತ್ತೆಯ ಮಾತು ಕೇಳಿದ ಮೇಲೆ ಹಟ ಬಂತು. ನಮ್ಮ ಮನೆಯ ಹೊಲಿಗೆ ಆ ಸ್ಟೇಜಿನ ಮೇಲೆ ನಡೆಯಬೇಕು, ಟೈಲರ್ ಅಂತ ನನ್ನನ್ನು ನಾಲ್ಕು ಜನ ಕರೆಯಬೇಕು. ಮಾರನೆಯ ದಿನವೇ ಬುರ್ಖಾ ಹಾಕಿಕೊಂಡು ಶೋರೂಮಿಗೆ ಹೋದೆ. ಮಾಲೀಕರು ನನ್ನನ್ನು ಗಿರಾಕಿ ಅಂದುಕೊಂಡು "ಬನ್ನಿ ತಾಯಿ, ಜಾರ್ಜೆಟ್ ತೋರಿಸ್ಲಾ?" ಅಂದರು. ನಾನು ಟೈಲರ್, ಬಟ್ಟೆ ಹೊಲಿಯಲು ಹೆಸರು ಕೊಡಬೇಕು ಅಂದೆ.

"ಅಂಗಡಿ ಎಲ್ಲೈತಮ್ಮ?"

"ಅಂಗಡಿ ಇಲ್ಲ. ಮನೇಲಿ."

"ಬೋರ್ಡು?"

"ಬೋರ್ಡೂ ಇಲ್ಲ. ಕಸ್ಟಮರ್ ಇದಾರೆ."

ಅವರು ನಕ್ಕರು. ಅಲ್ಲೇ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಕತ್ತರಿಸಿದ ಕೂದಲು, ಪ್ಯಾಂಟು, ಕಾಲ ಮೇಲೆ ಕಾಲು. ಫ್ಯಾಶನ್ ವೀಕ್ ನಡೆಸಿಕೊಡಲು ಬೆಂಗಳೂರಿನಿಂದ ಬಂದಿದ್ದವರು ಅವರೇ. ಎಲ್ಲರೂ ಅವರನ್ನು ಮೇಡಂ ಅನ್ನುತ್ತಿದ್ದರು, ನಾನೂ ಅದನ್ನೇ ಅನ್ನುತ್ತೇನೆ. ಅವರು ಎದ್ದು ಬಂದು, "ನೀವು ಹೊಲಿದಿದ್ದು ಏನಾದ್ರೂ ತೋರ್ಸಿ" ಅಂದರು. ನಾನು ಅಲ್ಲೇ ಹೆಂಗಸರು ಬಟ್ಟೆ ನೋಡುವ ಪರದೆಯ ಹಿಂದೆ ಹೋಗಿ ಬುರ್ಖಾ ತೆಗೆದು ನಿಂತೆ. ಮೈಮೇಲಿದ್ದ ಕಮೀಜೇ ನನ್ನ ಸರ್ಟಿಫಿಕೇಟು. ಅವರು ತೋಳಿನ ಹೊಲಿಗೆ ಮುಟ್ಟಿ ನೋಡಿ, ಹೊರಗೆ ಹೋಗಿ ಮಾಲೀಕರಿಗೆ "ನಾಲ್ಕು ಪೀಸ್ ಕೊಡಿ ಇವ್ರಿಗೆ" ಅಂದರು. ಆ ಹೆಂಗಸಿನ ಹೊಟ್ಟೆ ತಣ್ಣಗಿರಲಿ.

ಬಟ್ಟೆಯ ಜೊತೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಒಳಗೆ ಬಟ್ಟೆ ಬಿಡಬಾರದು, ಹೊಲಿಗೆ ಪಕ್ಕ ಪೂರ್ತಿ ಕತ್ತರಿಸಬೇಕು, ದಪ್ಪ ಕಂಡರೆ ಸ್ಟೇಜಿನ ಮೇಲೆ ಗೆರೆ ಕೆಡುತ್ತದೆ ಅಂದರು. ನಮ್ಮಲ್ಲಿ ಹಾಗೆ ಕತ್ತರಿಸುವವರು ಯಾರೂ ಇಲ್ಲ. ಪಕ್ಕದ ಹೊಲಿಗೆಯೊಳಗೆ ಎರಡು ಬೆರಳಷ್ಟು ಬಟ್ಟೆ ಬಿಟ್ಟೇ ಹೊಲಿಯಬೇಕು. ಹುಡುಗಿ ದಪ್ಪ ಆಗುತ್ತಾಳೆ, ಬಸುರಿ ಆಗುತ್ತಾಳೆ, ತಂಗಿಗೆ ಕೊಡುತ್ತಾಳೆ. ಹೊಲಿಗೆ ಬಿಚ್ಚಿ ಹಿಗ್ಗಿಸಿಕೊಂಡರೆ ಬಟ್ಟೆ ಮತ್ತೆ ಹತ್ತು ವರ್ಷ ಬರುತ್ತದೆ. ಒಳಗೆ ಬಟ್ಟೆ ಬಿಡದ ಟೈಲರನ್ನು ಗುಬ್ಬಿಯಲ್ಲಿ ಕಳ್ಳ ಅನ್ನುತ್ತಾರೆ.

"ಇದು ಒಂದೇ ದಿನ ಹಾಕೋ ಬಟ್ಟೆ ಕಣಮ್ಮ" ಅಂದರು ಮೇಡಂ.

"ಒಂದೇ ದಿನಕ್ಕೆ ಉಡ್ಸೋದು ಕಫನ್ ಮಾತ್ರ ಮೇಡಂ. ಅದಕ್ಕೆ ಹೊಲಿಗೇನೇ ಇರಲ್ಲ" ಅಂದುಬಿಟ್ಟೆ.

ಅಯ್ಯೋ, ಹೆಣದ ಬಟ್ಟೆಯ ಮಾತು ಶೋರೂಮಿನಲ್ಲಿ ಆಡಿದೆನಲ್ಲಾ ಎಂದು ನಾಲಿಗೆ ಕಚ್ಚಿಕೊಂಡೆ. ಮಾಲೀಕರ ಮುಖ ಹುಳ್ಳಗಾಯಿತು. ಮೇಡಂ ಮಾತ್ರ ಗಹಗಹಿಸಿ ನಕ್ಕು, "ಒಂದಾದ್ರೂ ನಾನು ಹೇಳಿದ ಹಾಗೆ ಮಾಡಿ" ಅಂದರು.

ನಾನು ಹೇಳಿಕಳಿಸಿದ್ದಕ್ಕೆ ಅಬ್ಬಾ ಗುಬ್ಬಿಯಿಂದ ಕತ್ತರಿ ಸಮೇತ ಬಸ್ಸಿನಲ್ಲಿ ಬಂದರು. ಆ ಕತ್ತರಿಯನ್ನು ಮಗುವಿನ ಹಾಗೆ ಟವೆಲಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಬಂದಿದ್ದರು. ಮಾಡೆಲ್ ಹುಡುಗಿಯರ ಅಳತೆಗೆಂದು ಮೇಡಂ ಆ ಹುಡುಗಿಯರದೇ ಒಂದೊಂದು ಹಳೇ ಮೇಲಂಗಿ ಕಳಿಸಿದ್ದರು. ಅಬ್ಬಾ ಅವನ್ನು ಎತ್ತಿ ಹಿಡಿದು, "ಇವ್ರೇನು ಊಟ ಮಾಡಲ್ವಾ?" ಅಂದರು. ಮೂರು ಜೊತೆಯನ್ನು ನಮ್ಮ ಪದ್ಧತಿಯಂತೆ ಒಳಗೆ ಎರಡು ಬೆರಳು ಬಿಟ್ಟು ಕತ್ತರಿಸಿದರು: ತೋಳು ಉಬ್ಬಿಸಿದ ರವಿಕೆಯೊಂದು, ಹೂವಿನ ಪ್ರಿಂಟಿನ ಸಲ್ವಾರ್ ಕಮೀಜೊಂದು, ಕಾಲು ಮುಚ್ಚುವ ಮ್ಯಾಕ್ಸಿಯೊಂದು. ನಾಲ್ಕನೆಯದು ಹಸಿರು ಸ್ಯಾಟಿನ್ನು, ಅದರಲ್ಲಿ ಕುರ್ತಾ ಮತ್ತು ಮೊಣಕಾಲಿನಿಂದ ಕೆಳಗೆ ನೆರಿಗೆಯಾಗಿ ಅರಳುವ ಗರಾರಾ. ಅದನ್ನು ಕತ್ತರಿಸುವಾಗ ಅವರ ಕೈ ನಿಂತಿತು.

"ಇದ್ರಲ್ಲಿ ಬಟ್ಟೆ ಬಿಡೋದು ಬೇಡ" ಅಂದರು.

"ಅಬ್ಬಾ, ಬೇಡ. ಆಕೆಗೆ ಗೊತ್ತಾಗಲ್ಲ."

"ಗಿರಾಕಿ ಕೇಳಿದಾಳೆ ಬೇಟಾ. ಕೇಳಿದ್ದು ಕೊಡಬೇಕು."

ಅವರು ಉಸಿರು ಬಿಗಿಹಿಡಿದು ಕತ್ತರಿಸಿದರು. ಆ ಕುರ್ತಾದ ಭುಜಕ್ಕೆ ಅವರು ಪಟ್ಟ ಪಾಡು ಇಷ್ಟಷ್ಟಲ್ಲ. ಹಾಳೆಯಲ್ಲಿ ಕತ್ತರಿಸಿ ನೋಡಿದರು, ಹಳೇ ಪಂಚೆಯಲ್ಲಿ ಕತ್ತರಿಸಿ ನೋಡಿದರು, ಆಮೇಲೆ ಸ್ಯಾಟಿನ್ನಿಗೆ ಕೈ ಹಾಕಿದರು. ನಾನು ಹೊಲಿದೆ. ಅತ್ತೆ ಒಳಗೂ ಹೊರಗೂ ಓಡಾಡುತ್ತಾ ನೋಡುತ್ತಿದ್ದರು. ಬೀಗರಿಗೆ ಟೀ ಕೊಡುವ ನೆಪ ಅವರಿಗೆ ಸಾಲುತ್ತಿರಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಬಟ್ಟೆಗಳ ಗಂಟು ಹೊತ್ತುಕೊಂಡು ನಾನೂ ಅಬ್ಬಾನೂ ಚೌಲ್ಟ್ರಿಗೆ ಹೋದೆವು. ಅಲ್ಲಿ ಮೇಡಂ ಮುಖ ಸಪ್ಪಗಿತ್ತು. ಮದರಾಸಿನಲ್ಲಿ ಬೇರೊಂದು ಪ್ರೋಗ್ರಾಂ ಅಂತ ಮಾಡೆಲ್ ಹುಡುಗಿಯರಲ್ಲಿ ಹೆಚ್ಚಿನವರು ಹೊರಟುಹೋಗಿದ್ದರು. ಉಳಿದವರು ಇಬ್ಬರೇ. ಮಾಲೀಕರು ಆ ಇಬ್ಬರನ್ನೂ ಬೋರ್ಡು ಇರುವ ಅಂಗಡಿ ಟೈಲರುಗಳಿಗೆ ಹಂಚಿಬಿಟ್ಟಿದ್ದರು.

"ನಿಮ್ದು ಮುಂದಿನ ಸಲ ನೋಡನ ಬುಡಮ್ಮ" ಅಂದರು ಮಾಲೀಕರು.

ನನಗೆ ಬಂದ ಸಿಟ್ಟಿಗೆ ಮುಖದ ಪರದೆಯೊಳಗೇ ಬೆವರು ಕಿತ್ತುಬಂತು. ಅಬ್ಬಾ ಗಂಟನ್ನು ಎತ್ತಿಕೊಂಡು ಹೊರಡಲು ಸಿದ್ಧರಾದರು, ಅವರ ಸ್ವಭಾವವೇ ಅದು. ನಾನು ಗಂಟಿನ ಇನ್ನೊಂದು ತುದಿ ಹಿಡಿದುಕೊಂಡೆ.

"ಹುಡುಗೀರು ಇಲ್ದಿದ್ರೆ ಏನಂತೆ? ನನ್ ಕಸ್ಟಮರ್‌ಗಳನ್ನೇ ಕರ್ಕೊಂಡು ಬರ್ತೀನಿ. ಅವ್ರೇ ನಡೀತಾರೆ."

"ನಿಮ್ ಹೆಂಗಸ್ರು ಗಂಡಸ್ರ ಮುಂದೆ ಸ್ಟೇಜ್ ಹತ್ತುತಾರೇನಮ್ಮ?"

"ಹತ್ತಲ್ಲ. ಅದಕ್ಕೇ ಗಂಡಸ್ರು ಇರಬಾರ್ದು. ಮಧ್ಯಾಹ್ನ ಹೆಂಗಸರ ಆಟ ಇಡಿ. ನೋಡೋರೂ ಹೆಂಗಸ್ರು, ನಡೆಯೋರೂ ಹೆಂಗಸ್ರು. ಒಂದು ನರಪಿಳ್ಳೆ ಗಂಡಸು ಒಳಗೆ ಬರಬಾರ್ದು."

"ಹೆಂಗಸ್ರು ಹೆಂಗಸ್ರಿಗೆ ತೋರ್ಸಿ ಏನು ಬಂತು?"

"ಸ್ವಾಮಿ, ನಿಮ್ ಅಂಗಡೀಲಿ ಗಂಟೆಗಟ್ಲೆ ಕೂತು ಬಟ್ಟೆ ಆರ್ಸೋರು ಯಾರು? ನಿಮ್ಮನೆ ಯಜಮಾನ್ತಿ ಸೀರೆ ನೀವು ಆರಿಸ್ತೀರಾ?"

ಮೇಡಂ ಕೈ ತಟ್ಟಿ, "ಮೂರು ಗಂಟೆಗೆ ಹಾಲ್ ಇವ್ರಿಗೆ" ಅಂದರು. ವಾರವಿಡೀ ಕೂಗಿದ್ದ ಅದೇ ಆಟೋ ಮತ್ತೆ ಊರು ಸುತ್ತಿತು. ಸದ್ಯ, ಈ ಸಲ ಕೆಡಲಿಲ್ಲ.

ಮೂರು ಗಂಟೆಗೆ ನಾನು ಚೌಲ್ಟ್ರಿಯ ಬಾಗಿಲಲ್ಲಿ ನಿಂತು ನೋಡಿದರೆ ನಂಬಲಾಗಲಿಲ್ಲ. ರಸ್ತೆಯ ತುದಿಯವರೆಗೂ ಹೆಂಗಸರು. ನಮ್ಮ ಮೊಹಲ್ಲಾದ ಬುರ್ಖಾಗಳು, ವಿಭೂತಿ ಹಚ್ಚಿದ ಅಜ್ಜಿಯರು, ಹೆಬ್ಬೂರಿನ ಬಸ್ಸಿನಲ್ಲಿ ಬಂದವರು, ಕಂಕುಳಲ್ಲಿ ಮಗು ಎತ್ತಿಕೊಂಡವರು. ವಾರವಿಡೀ ಗಂಡಂದಿರೂ ಮಕ್ಕಳೂ ಫ್ಯಾಶನ್ ಶೋ ನೋಡಿಬಂದು ಮನೆಯಲ್ಲಿ ವರ್ಣಿಸಿದ್ದನ್ನು ಇವರು ಕೇಳಿಸಿಕೊಂಡು ಉರಿದುಹೋಗಿದ್ದರು. ಒಳಗೆ ಬಂದ ಕೂಡಲೇ ಬುರ್ಖಾಗಳು ಕುರ್ಚಿಗಳ ಬೆನ್ನಿಗೆ ಏರಿದವು. ಮದುವೆಮನೆಯ ಹೆಂಗಸರ ಕೋಣೆಯೇ ಊರಗಲ ಆದ ಹಾಗಿತ್ತು. ನನ್ನತ್ತೆ ಕೂಡ ಬಂದು ಮುಂದಿನ ಸಾಲಿನಲ್ಲಿ ಕೂತರು. ಸೊಸೆ ಎಷ್ಟು ಮರ್ಯಾದೆ ಕಳೆಯುತ್ತಾಳೋ ನೋಡಲು ಬಂದಿದ್ದೇನೆ ಎಂದು ಪಕ್ಕದವರಿಗೆ ಹೇಳುವುದು ನನ್ನ ಕಿವಿಗೇ ಬಿತ್ತು.

ಟೇಪ್‌ರೆಕಾರ್ಡರ್ ಹಾಕುವವನು ಗಂಡಸು ಅಂತ ಗೊತ್ತಾದಾಗ ಗಲಾಟೆ ಎದ್ದಿತು. ಅವನು ಬೇಕಾದರೆ ಗೋಡೆ ಕಡೆ ತಿರುಗಿ ಕೂರುತ್ತೇನೆ ಅಂದ. ನಮ್ಮತ್ತೆ ಎದ್ದು ಹೋಗಿ, "ಗೋಡೆಗೆ ಕಣ್ಣಿಲ್ಲ, ನಿನಗಿದೆ. ನಡೀಲಾ ಆಚೆ" ಅಂದು ಅವನನ್ನು ಹೊರಡಿಸಿದರು. ಅವನ ಜೊತೆ ಟೇಪ್‌ರೆಕಾರ್ಡರೂ ಹೋಯಿತು.

ಗ್ರೀನ್ ರೂಮ್ ಅಂದರೆ ಚೌಲ್ಟ್ರಿಯಲ್ಲಿ ಮದುಮಗಳನ್ನು ಕೂರಿಸುವ ಕೋಣೆ. ಅಲ್ಲಿ ನನ್ನ ಕಸ್ಟಮರ್‌ಗಳು ಮೂವರು ಕಾಯುತ್ತಿದ್ದರು. ಬೆಳಿಗ್ಗೆಯೇ ಮಂಡಿಗೆ ಫೋನ್ ಮಾಡಿ ಕರೆಸಿಕೊಂಡಿದ್ದ ಕುಣಿಗಲ್ಲಿನ ಕೊಬ್ಬರಿ ಮಂಡಿ ಸಾಹುಕಾರರ ಹೆಂಡತಿ, ಎದುರುಮನೆಯ ಎರಡು ಮಕ್ಕಳ ತಾಯಿ, ಹೆಬ್ಬೂರಿನಿಂದ ಓದಲು ಬರುತ್ತಿದ್ದ ಒಬ್ಬ ಕಾಲೇಜು ಹುಡುಗಿ. ಕುಣಿಗಲ್ಲಿನವರದು ಭಾರೀ ಮೈ, ಭಾರೀ ನಗು. ಕೊರಳಲ್ಲಿ ಲಿಂಗದ ಕರಡಿಗೆ. ಅದಕ್ಕೆ ಒತ್ತದ ಹಾಗೆ ಕೊರಳು ಕತ್ತರಿಸುವವಳು ನಾನೊಬ್ಬಳೇ ಅಂತ ಅವರು ಕುಣಿಗಲ್‌ನಿಂದ ಬಸ್ಸು ಹತ್ತಿ ಬರುತ್ತಿದ್ದರು. ಮಾಡೆಲ್ ಹುಡುಗಿಯ ಅಳತೆಯ ರವಿಕೆಯನ್ನು ಅವರು ಎತ್ತಿ ನೋಡಿ, "ಏನವ್ವಾ, ಇದು ನನ್ ಮೊಣಕೈಗೆ ಆಯ್ತದೆ!" ಅಂದರು.

"ಒಳಗೆ ಬಟ್ಟೆ ಬಿಟ್ಟಿದೀನಿ ಕಣಕ್ಕಾ, ನಿಂತ್ಕೊಳ್ಳಿ."

ನಾನು ಬ್ಲೇಡು ಹಿಡಿದು ಪಕ್ಕದ ಹೊಲಿಗೆ ಬಿಚ್ಚುತ್ತಾ ಹೋದೆ. ಮೇಡಂ ಪ್ಯಾಂಟಿನಲ್ಲೇ ನೆಲಕ್ಕೆ ಕೂತು ಸೂಜಿಗೆ ದಾರ ಪೋಣಿಸಿಕೊಟ್ಟರು. ಎಡಕ್ಕೆ ಎರಡು ಬೆರಳು, ಬಲಕ್ಕೆ ಎರಡು ಬೆರಳು, ತೋಳಿನಲ್ಲೂ ಅಷ್ಟೇ. ಅದೂ ಸಾಲದೆ ಕಂಕುಳ ಕೆಳಗೆ ಅಂಗೈಯಗಲ ತುಂಡು ಸೇರಿಸಿದೆ. ಸೆರಗು ಹೊದ್ದರೆ ಯಾರಿಗೆ ಕಾಣುತ್ತದೆ? ಎದುರುಮನೆಯವಳಿಗೆ ಸಲ್ವಾರ್ ಕಮೀಜು ಹಿಗ್ಗಿತು, ಹುಡುಗಿಗೆ ಮ್ಯಾಕ್ಸಿ ಒಂಚೂರೇ ಹಿಗ್ಗಿಸಿದರೆ ಸಾಕಾಯಿತು. ಮೇಡಂ ಬಿಚ್ಚಿದ ದಾರಗಳನ್ನು ಆರಿಸುತ್ತಾ, "ನಾನು ಹೇಳಿದ ಹಾಗೆ ಎಲ್ಲಾ ಕತ್ತರಿಸಿದ್ದಿದ್ರೆ ಈಗ ಎಲ್ರೂ ಮನೆಗೆ ಹೋಗ್ಬೇಕಿತ್ತು" ಎಂದು ನಕ್ಕರು.

ಉಳಿದಿದ್ದು ಹಸಿರು ಕುರ್ತಾ. ಅದರಲ್ಲಿ ಬಿಚ್ಚಲು ಏನೂ ಇರಲಿಲ್ಲ. ಮೂವರಲ್ಲಿ ಯಾರಿಗೂ ಅದು ಭುಜದಿಂದ ಕೆಳಗಿಳಿಯಲಿಲ್ಲ. ಇರಲಿ, ಮೂರೇ ಸಾಕು ಅಂದೆ. ಮೇಡಂ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಆಗ ನಾನು ಕಡ್ಡಿ ಹಾಗಿದ್ದೆ, ಈಗ ನೋಡಿದರೆ ನಂಬುವುದಿಲ್ಲ ಬಿಡಿ.

"ನಮ್ಮಲ್ಲಿ ಕೊನೆಗೆ ಬಟ್ಟೆ ಮಾಡಿದೋರು ಸ್ಟೇಜ್ ಮೇಲೆ ಬರ್ಬೇಕು. ಅದು ಪದ್ಧತಿ. ನೀವೇ ಹಾಕ್ಕೊಳ್ಳಿ."

ಮಾಲೀಕರ ಮುಂದೆ ಅಷ್ಟೆಲ್ಲ ಕೂಗಾಡಿದವಳು ಎರಡು ಹೆಜ್ಜೆ ಹಿಂದೆ ಸರಿದೆ. ಇಷ್ಟು ಹೆಂಗಸರ ಮುಂದೆ ನಾನಾ? ಹೊರಗೆ ಅತ್ತೆ ಮುಂದಿನ ಸಾಲಿನಲ್ಲೇ ಕೂತಿದ್ದಾರೆ! ಆಗಲ್ಲ ಮೇಡಂ, ನಮ್ಮತ್ತೆ ಕೊಂದುಹಾಕುತ್ತಾರೆ ಅಂದೆ. ಅಷ್ಟರಲ್ಲಿ ಬಾಗಿಲಲ್ಲಿ ಅತ್ತೆಯ ದನಿ ಕೇಳಿತು. ಹಾಡು ಇಲ್ಲದೆ ಹೇಗೆ ನಡೆಯುತ್ತಾರೆ, ಪಕ್ಕದ ಮನೆಯಿಂದ ಢೋಲಕ್ ತರಿಸಿದ್ದೇನೆ ಎಂದು ಹೇಳಲು ಬಂದಿದ್ದರು. ಮದುವೆಮನೆಗಳಲ್ಲಿ ಅವರಷ್ಟು ಚೆನ್ನಾಗಿ ಢೋಲಕ್ ಬಾರಿಸುವವರು ನಮ್ಮ ಮೊಹಲ್ಲಾದಲ್ಲಿ ಇರಲಿಲ್ಲ. ನನ್ನ ಮಾತು ಅವರ ಕಿವಿಗೆ ಬಿದ್ದಿತ್ತು. ನನ್ನ ಕೈಲಿದ್ದ ಕುರ್ತಾವನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು.

"ಮದುವೇಲಿ ನಾನು ತಂದ ಜೋಡಾ ಭುಜ ಜಾರ್ತಿತ್ತು" ಅಂದರು. "ನನಗೆ ಕಾಣಿಸ್ಲಿಲ್ಲ ಅಂದ್ಕೊಂಡಿದ್ಯಾ? ನಿಮ್ಮಪ್ಪನ ಮುಖಾನೂ ನೋಡ್ದೆ. ಆವತ್ತಿಂದ ಅದು ನನ್ ಹೊಟ್ಟೇಲೇ ಇದೆ. ಹೋಗು, ಹಾಕ್ಕೋ."

ಇಷ್ಟು ವರ್ಷ ಈ ಹೆಂಗಸು ನನ್ನ ಹೊಲಿಗೆಯನ್ನು ಹೀಯಾಳಿಸುತ್ತಾ ಆ ಭುಜವನ್ನು ನೆನಪಿಟ್ಟುಕೊಂಡಿದ್ದರಾ? ಅಳು ಬಂತು. ಅತ್ತೆ "ಸ್ಯಾಟಿನ್ ಮೇಲೆ ಅಳ್ಬೇಡ, ಕಲೆ ಆಗತ್ತೆ" ಅಂದು ಢೋಲಕ್ ಬಾರಿಸಲು ಹೋದರು.

ಕುಣಿಗಲ್ಲಿನ ಅಕ್ಕ ಮೊದಲು ಹೊರಟರು. ಉಬ್ಬುತೋಳಿನ ರವಿಕೆ, ಜರತಾರಿ ಸೀರೆ, ಎದೆ ಮೇಲೆ ಬೆಳ್ಳಿಯ ಕರಡಿಗೆ. ಮಾಡೆಲ್ ಹುಡುಗಿಯರ ಹಾಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಹೋದವರು ಅರ್ಧ ದಾರಿಯಲ್ಲಿ ತಾವೇ ತಡೆಯಲಾರದೆ ಗೊಳ್ಳೆಂದು ನಕ್ಕುಬಿಟ್ಟರು. ಇಡೀ ಹಾಲು ನಕ್ಕಿತು, ಚಪ್ಪಾಳೆ ಸೂರು ಮುಟ್ಟಿತು. ಎದುರುಮನೆಯವಳು ಹೋದಾಗ ಅವಳ ಮಗು ಕೆಳಗಿನಿಂದ "ಅಮ್ಮೀ!" ಎಂದು ಕಿರುಚಿತು, ಅವಳು ಅಲ್ಲಿಂದಲೇ ಕೈ ಬೀಸಿದಳು. ಹೆಬ್ಬೂರಿನ ಹುಡುಗಿ ಸ್ಟೇಜಿನ ತುದಿಗೆ ಹೋಗಿ ಗಿರ್ರನೆ ತಿರುಗಿದಳು, ಮ್ಯಾಕ್ಸಿ ಛತ್ರಿಯ ಹಾಗೆ ಅರಳಿತು. ಢೋಲಕ್ ಜೋರಾಯಿತು. ಆಮೇಲೆ ಮೇಡಂ ಮೈಕಿನಲ್ಲಿ, "ಈ ಎಲ್ಲಾ ಬಟ್ಟೆ ಹೊಲಿದ ತುಮಕೂರಿನ ಟೈಲರ್" ಅಂದರು.

ಹೆಸರು ಹೇಳಿದರೋ ಇಲ್ಲವೋ ನೆನಪಿಲ್ಲ. ಟೈಲರ್ ಅಂದದ್ದು ಮಾತ್ರ ಕೇಳಿಸಿತು. ನಾನು ಹೋದೆ. ಮೊದಲು ಗರಾರಾದ ಅಂಚು ತುಳಿಯುತ್ತೇನೆ ಅನ್ನಿಸಿತು. ಆಮೇಲೆ ಭುಜ ಗೊತ್ತಾಯಿತು. ಕುರ್ತಾ ನನ್ನ ಭುಜದ ಮೇಲೆ ಕೂತಿತ್ತು, ಎಲ್ಲೂ ಎಳೆಯುತ್ತಿರಲಿಲ್ಲ, ಎಲ್ಲೂ ಜಾರುತ್ತಿರಲಿಲ್ಲ, ಯಾರೋ ಬೆನ್ನಿಗೆ ಕೈ ಇಟ್ಟು ನೆಟ್ಟಗೆ ನಿಲ್ಲಿಸಿದ ಹಾಗಿತ್ತು. ನಾನು ತಲೆ ಎತ್ತಿದೆ. ಅತ್ತೆ ಕಣ್ಣು ಮುಚ್ಚಿ ಢೋಲಕ್ ಬಾರಿಸುತ್ತಿದ್ದರು. ನನ್ನ ಕೈಲಿ ಹೊಲಿಸಿಕೊಂಡ ಹೆಂಗಸರೆಲ್ಲ ಎದ್ದು ನಿಂತು "ನಮ್ ಟೈಲರ್ ಕಣ್ರೇ, ನಮ್ ಟೈಲರ್!" ಎಂದು ಅಕ್ಕಪಕ್ಕದವರಿಗೆ ಹೇಳಿಕೊಳ್ಳುತ್ತಿದ್ದರು. ಕುಣಿಗಲ್ಲಿನ ಅಕ್ಕ ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದರು. ಆ ಸಿಳ್ಳೆ ಎಲ್ಲಿ ಕಲಿತಿದ್ದರೋ ದೇವರೇ ಬಲ್ಲ. ನಾನು ನಕ್ಕೆ, ತಿರುಗಿದೆ, ಇನ್ನೊಂದು ಸುತ್ತು ಹೋದೆ. ಆಮೇಲಿನ ವರ್ಷಗಳಲ್ಲಿ ಅದೇ ಮೇಡಂ ಕರೆದರೆಂದು ಬೆಂಗಳೂರಿನ ದೊಡ್ಡ ಹೋಟೆಲುಗಳ ಶೋಗಳಿಗೂ ಹೋಗಿದ್ದೇನೆ, ಅಲ್ಲಿ ನನಗೂ ಕುರ್ಚಿ ಹಾಕಿದ್ದಾರೆ. ಇದು ನನ್ನ ಜಾಗ ಅಂತ ಮೊದಲು ಅನ್ನಿಸಿದ್ದು ಆ ಚೌಲ್ಟ್ರಿಯಲ್ಲೇ.

ಮೇಡಂ ತಮ್ಮ ಎದೆ ಮೇಲಿದ್ದ ರಿಬ್ಬನ್ ಬ್ಯಾಡ್ಜನ್ನು ತೆಗೆದು ನನಗೆ ಚುಚ್ಚಿದರು. ಸಂಜೆ ಟೈಲರುಗಳ ಸಾಲಿನಲ್ಲಿ ಬಂದು ಕೂರಬೇಕು ಎಂದು ಆಜ್ಞೆಯನ್ನೂ ಮಾಡಿದರು. ಎಲ್ಲ ಸರಿ, ಅಬ್ಬಾ ಎಲ್ಲಿ? ಬೆಳಿಗ್ಗೆ ಗಂಟು ಹೊತ್ತು ತಂದವರು ಮಧ್ಯಾಹ್ನದಿಂದ ಹೊರಗೇ ಇದ್ದರು. ಗಂಡಸರು ಒಳಗೆ ಬರಬಾರದು ಎಂದು ಕಾನೂನು ಮಾಡಿದವಳೇ ನಾನು.

ಹಸಿರು ಜೊತೆಯ ಮೇಲೇ ಬುರ್ಖಾ ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಚೌಲ್ಟ್ರಿಯ ಹಿಂದೆ ಅಡುಗೆಯವರು ಪಾತ್ರೆ ತೊಳೆಯುವ ಹಿತ್ತಲು. ಒಂದು ನೀರಿನ ತೊಟ್ಟಿ, ಒಂದು ನಿಂಬೆಗಿಡ, ಸುತ್ತಲೂ ಎತ್ತರದ ಗೋಡೆ. ಅಬ್ಬಾ ಒಬ್ಬರೇ ಮೆಟ್ಟಿಲ ಮೇಲೆ ಕೂತಿದ್ದರು. ಕತ್ತರಿ ಟವೆಲಿನಲ್ಲಿ ಸುತ್ತಿ ಪಕ್ಕದಲ್ಲಿತ್ತು. ಗೋಡೆಯಾಚೆಯಿಂದ ಚಪ್ಪಾಳೆಯನ್ನೆಲ್ಲ ಕೇಳಿಸಿಕೊಂಡಿದ್ದರು. ನನ್ನನ್ನು ಕಂಡ ಕೂಡಲೇ ಎದ್ದು, ಇಪ್ಪತ್ತು ವರ್ಷದಿಂದ ಕೇಳುತ್ತಿದ್ದ ಅದೇ ಪ್ರಶ್ನೆಯನ್ನು ಕೇಳಿದರು.

"ಭುಜ ಕೂತಿತ್ತಾ? ಆ ಹಸಿರುದ್ದು ಯಾರು ಹಾಕ್ಕೊಂಡ್ರು?"

ನಾನು ಬುರ್ಖಾ ತೆಗೆದು ನಿಂಬೆಗಿಡದ ಮೇಲೆ ಹಾಕಿದೆ.

ಅವರು ಹತ್ತಿರ ಬಂದರು. ನನ್ನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದರು. ಬಲಗಡೆಯ ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು, ಬಿಟ್ಟರು, ಮತ್ತೆ ಹಿಡಿದರು. ಆಮೇಲೆ ಹಿಂದೆ ಸರಿದು ಮೆಟ್ಟಿಲ ಮೇಲೆ ಕೂತರು, ಪೇಟ ಸರಿಮಾಡಿಕೊಂಡರು, ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡರು.

"ಬೇಟಾ, ಒಂದ್ಸಲ ನಡಿ" ಅಂದರು. "ನೋಡ್ತೀನಿ."

ನಾನು ನೀರಿನ ತೊಟ್ಟಿಯವರೆಗೂ ನಡೆದುಹೋದೆ. ಸೊಂಟದ ಮೇಲೆ ಕೈ ಇಟ್ಟು ತಿರುಗಿ, ತಲೆ ಎತ್ತಿಕೊಂಡು ಅವರ ಕಡೆಗೆ ವಾಪಸ್ ಬಂದೆ. ಅಬ್ಬಾ ಚಪ್ಪಾಳೆ ತಟ್ಟುತ್ತಿದ್ದರು.